ತಕ್ಕಡಿಯವರ ಏಳನೆಯ ಬಟ್ಟು

ತಕ್ಕಡಿ ಎನ್ನುವುದು ಆ ಮನೆತನದ ಹೆಸರು. ನಗಬೇಡಿ. ಊರಿನಲ್ಲಿ ಸಾಮಾನು ತೂಗುವವರು ಸಾವಿರ ಮಂದಿ ಇದ್ದಾರು, ಆ ತೂಗುವ ತಕ್ಕಡಿಯನ್ನೇ ತೂಗಿ ನೋಡುವವರು ಇವರೊಬ್ಬರೇ. ದಂಡ ಬಾಗಿದ್ದರೆ ನೆಟ್ಟಗೆ ಮಾಡುವುದು, ಮುಳ್ಳು ಒಂದು ಕಡೆಗೆ ವಾಲಿದರೆ ನಡುವಿಗೆ ತರುವುದು, ತೂಕದ ಬಟ್ಟುಗಳನ್ನು ಉಜ್ಜಿ, ಸವೆದಿದ್ದರೆ ಸರಿ ಮಾಡಿಕೊಡುವುದು. ಐದು ತಲೆಮಾರಿನಿಂದ ಇದೇ ಕೆಲಸ. ಮುಗಿದ ಮೇಲೆ ಒಂದು ಸಣ್ಣ ಚೀಟಿಯಲ್ಲಿ ‘ತಕ್ಕಡಿ’ ಎಂದು ಬರೆದು ದಾರದಲ್ಲಿ ಕಟ್ಟಿ ಕಳಿಸುತ್ತಾರೆ. ಆ ಚೀಟಿ ಇದ್ದರೆ ಮುಗಿಯಿತು, ಮತ್ತೆ ಯಾರೂ ತೂಗಿ ನೋಡುವ ಗೋಜಿಗೆ ಹೋಗುವುದಿಲ್ಲ. ಅದೇ ಕೊನೆಗೆ ಕುತ್ತಿಗೆಗೆ ಬಂದದ್ದು ಅನ್ನಿ.

ಈಗ ಚೀಟಿ ಬರೆಯುತ್ತಿರುವವಳು ಆ ಮನೆಯ ಸೊಸೆಯಾಗಿ ಬಂದವಳು, ಅರವತ್ತೊಂದು ವರ್ಷದವಳು. ಊರೆಲ್ಲ ಅವಳನ್ನು ತಕ್ಕಡಿಯಮ್ಮ ಅನ್ನುತ್ತದೆ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅವಳ ಕೆಲಸದ ಜಾಗ. ಕಿಟಕಿಯ ಪಕ್ಕ ಗಾಜಿನ ಪೆಟ್ಟಿಗೆಯೊಳಗೆ ಮನೆಯ ತಕ್ಕಡಿ. ಅದರ ಮುಂದೆ ಫ್ಯಾನು ಹಾಕುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ, ಸೀನು ಬಂದರೆ ಬೀದಿಗೆ ಓಡಬೇಕು. ಸಿಡುಕಿನ ಹೆಂಗಸು, ಒಪ್ಪೋಣ. ಆದರೆ ಕೆಲಸದಲ್ಲಿ ಎತ್ತಿ ಆಡುವ ಹಾಗಿರಲಿಲ್ಲ.

ಇರಲಿಲ್ಲ, ಹೋದ ಚಳಿಗಾಲದವರೆಗೆ. ಆಮೇಲೆ ಅವಳ ಬೆರಳಿನ ತುದಿಗಳಿಗೆ ಜೋಮು ಹಿಡಿಯಿತು. ಮೊದಲು ಕಿರುಬೆರಳು, ಆಮೇಲೆ ಒಂದೊಂದಾಗಿ ಎಲ್ಲವೂ, ಕೊನೆಗೆ ಅಂಗೈ. ಸೂಜಿ ಚುಚ್ಚಿದರೆ ಪಕ್ಕದ ಮನೆಯವಳಿಗೆ ಚುಚ್ಚಿದಂತೆ ಇರುತ್ತಿತ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳು ಯಾರಿಗೂ ಹೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ತಾನು ಹೇಳದಿದ್ದರೆ ಕಾಯಿಲೆ ಇಲ್ಲ ಎಂದೇ ನಡೆಸಿಕೊಂಡು ಬಂದಳು. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಮಾಡುತ್ತಿದ್ದ ಕೆಲಸ ಹೆಬ್ಬೆರಳನ್ನು ಉಳಿದ ನಾಲ್ಕಕ್ಕೂ ಉಜ್ಜಿ ನೋಡುವುದು. ಇವತ್ತು ಸ್ವಲ್ಪ ವಾಸಿ ಅನ್ನಿಸುತ್ತಿತ್ತು. ದಿನಾ ಹಾಗೇ ಅನ್ನಿಸುತ್ತಿತ್ತು, ಪಾಪ.

ಹೆಸರು ಇನ್ನೊಬ್ಬರಿಗೆ ಕೊಡಬೇಕಾದ ಕಾಲ ಬಂತು ಎಂದು ಅವಳಿಗೆ ಗೊತ್ತಿತ್ತು. ಆದರೆ ಆ ಮನೆಯಲ್ಲಿ ಹೆಸರು ಹುಟ್ಟಿದ ಮಾತ್ರಕ್ಕೆ ಬರುವುದಲ್ಲ, ಮದುವೆಯಾದ ಮಾತ್ರಕ್ಕೂ ಬರುವುದಲ್ಲ. ಕಾಗದಪತ್ರದಲ್ಲಿ ಎಲ್ಲರೂ ತಕ್ಕಡಿಗಳೇ. ಚೀಟಿಯ ಮೇಲೆ ಬರೆಯುವ ಹಕ್ಕು ಮಾತ್ರ ಬೇರೆ. ಅದಕ್ಕೊಂದು ಪರೀಕ್ಷೆ ಇದೆ. ಒಂದು ಮರದ ಪೆಟ್ಟಿಗೆ, ಅದರಲ್ಲಿ ಏಳು ಗುಳಿ, ಗುಳಿಗೊಂದು ಹಿತ್ತಾಳೆಯ ಬಟ್ಟು, ಒಂದೊಂದೂ ಇಪ್ಪತ್ತು ಗ್ರಾಮಿನದು. ಆರು ನಿಜ, ಏಳನೆಯದು ಸುಳ್ಳು. ಒಳಗೆ ಟೊಳ್ಳು ಕೊರೆದು, ತಳಕ್ಕೆ ಹಿತ್ತಾಳೆ ಮುಚ್ಚಿ, ಎರಡು ಗ್ರಾಂ ಕಡಿಮೆ ಮಾಡಿಟ್ಟದ್ದು. ನೋಡಲು ಏಳೂ ಒಂದೇ ತಾಯಿಯ ಮಕ್ಕಳು. ಕಣ್ಣು ಮುಚ್ಚಿಕೊಂಡು, ಒಂದೊಂದನ್ನೇ ಅಂಗೈಯಲ್ಲಿ ಹಿಡಿದು, ಸುಳ್ಳು ಯಾವುದು ಎಂದು ಹೇಳಬೇಕು. ಹೇಳಿದವರು ಚೀಟಿಗೆ ವಾರಸುದಾರರು.

ಆ ಸುಳ್ಳು ಬಟ್ಟನ್ನು ಮಾಡಿದವನು ಮನೆತನದ ಮೊದಲನೆಯವನೇ. ಮಾರ್ಕೆಟ್ಟಿನ ಮೂಲೆಯಲ್ಲಿ ಕೂತು ತಕ್ಕಡಿ ರಿಪೇರಿ ಮಾಡುತ್ತಿದ್ದವನಿಗೆ ಯಾವನೋ ಅಂಗಡಿಯವನು ಬಂದು, ಹೀಗೊಂದು ಬಟ್ಟು ಮಾಡಿಕೊಡು ಅಂದ. ಇವನು ಮಾಡಿಕೊಟ್ಟ. ಒಂದು ದಿನ ಇವನ ಹೆಂಡತಿಯೇ ಆ ಅಂಗಡಿಯಿಂದ ಸಾಮಾನು ತಂದಳು, ಇವನು ಸುಮ್ಮನೆ ತೂಗಿ ನೋಡಿದ, ಕಡಿಮೆ ಇತ್ತು. ಮಾಡಿದ್ದುಣ್ಣೋ ಮಹಾರಾಯ! ಹೋಗಿ ಬಟ್ಟನ್ನು ಕಿತ್ತುಕೊಂಡು ಬಂದು ಪೆಟ್ಟಿಗೆಯಲ್ಲಿಟ್ಟ. ಇದು ಇನ್ನು ಈ ಮನೆಯ ಹೊಸ್ತಿಲು ದಾಟಬಾರದು ಅಂದ. ಅದರ ಮೇಲೆ ಒಂದು ಗುರುತಾದರೂ ಹಾಕಿ ಎಂದವರಿಗೆ, ಗುರುತು ಹಾಕಿದರೆ ಕಣ್ಣು ಹುಡುಕುತ್ತದೆ, ಕೈ ನಿದ್ದೆ ಮಾಡುತ್ತದೆ ಅಂದನಂತೆ. ಬುದ್ಧಿವಂತನ ಮಾತೇ. ಆದರೆ ಬುದ್ಧಿವಂತರು ಬಿಟ್ಟುಹೋದ ಮಾತಿನಿಂದಲೇ ಮೊಮ್ಮಕ್ಕಳಿಗೆ ಪೀಕಲಾಟ.

ಅವನ ಸ್ವಂತ ಮಗ ಮೂರು ಸಲ ಹಿಡಿದ, ಮೂರು ಸಲವೂ ತಪ್ಪಿದ. ಹೋಗಿ ಸಂಗೀತದ ಮೇಷ್ಟ್ರಾದ. ಮಗಳು ಹನ್ನೊಂದನೆಯ ವಯಸ್ಸಿನಲ್ಲಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೇಳಿಬಿಟ್ಟಳು. ಅವಳನ್ನು ಮದುವೆಯಾದವನು ತನ್ನ ಹೆಸರು ಬಿಟ್ಟು ಅವಳ ಮನೆತನದ ಹೆಸರು ಹಾಕಿಕೊಂಡ. ಹೆಂಡತಿಯ ಹೆಸರು ಹೊತ್ತವನೇ ಎಂದು ಜನ ಕಿಚಾಯಿಸಿದರೆ, “ಹೊತ್ತೋನಿಗೆ ತಾನೇ ತೂಕ ಗೊತ್ತಾಗೋದು, ನಿಮಗೇನು ಗೊತ್ತು?” ಅನ್ನುತ್ತಿದ್ದ. ಅವರ ಮಗನೊಬ್ಬನಿದ್ದ, ಕೈ ಚಿನ್ನ, ಬುದ್ಧಿ ಮಣ್ಣು. ಇಸ್ಪೀಟಾಡುವ ಚಟಕ್ಕೆ ಬಿದ್ದು, ತೂಗದೆಯೇ ಚೀಟಿ ಬರೆದು ಬರೆದು ಹಂಚಿದ. ಅವನಪ್ಪ, ಅದೇ ತೂಕ ಹೊತ್ತವನು, ಅಂಗಡಿ ಅಂಗಡಿ ತಿರುಗಿ ಆ ಚೀಟಿಗಳನ್ನೆಲ್ಲ ವಾಪಸು ಬೇಡಿ ತಂದ. ಪೆಟ್ಟಿಗೆಯ ಮುಚ್ಚಳದ ಒಳಗೆ ಮೊಳೆಯಿಂದ ಗೀಚಿದ ಹೆಸರುಗಳ ಸಾಲಿನಲ್ಲಿ ಈಗಲೂ ಒಂದು ಹೆಸರನ್ನು ಕೆರೆದು ಹಾಕಿದ ಕಲೆ ಇದೆ.

ಆಮೇಲೆ ಬಂದವನು ತಕ್ಕಡಿಯಮ್ಮನ ಮಾವ. ಯಾರನ್ನೂ ಹೊಗಳಿದವನಲ್ಲ. ಅವನ ಮಗ, ಎಂದರೆ ಇವಳ ಗಂಡ, ಪರೀಕ್ಷೆಯಲ್ಲಿ ತಪ್ಪಿ ಬಸ್ಸಿನ ಡ್ರೈವರಾಗಿ ಹೋದಾಗಲೂ ಒಂದು ಮಾತಾಡಿದವನಲ್ಲ. ಹೊಸದಾಗಿ ಬಂದ ಸೊಸೆ ಒಂದು ಮಧ್ಯಾಹ್ನ ಕಣ್ಣು ಮುಚ್ಚಿ ಸುಳ್ಳು ಬಟ್ಟನ್ನು ಎತ್ತಿ ಕೊಟ್ಟಾಗ “ಹೂಂ” ಅಂದ. ಅಷ್ಟೇ. ಮರುದಿನ ಚೀಟಿಯ ಕಟ್ಟನ್ನು ಅವಳ ಮುಂದೆ ಇಟ್ಟ. ಆ ಒಂದು ಹೂಂಕಾರವನ್ನು ಅವಳು ಮೂವತ್ತೈದು ವರ್ಷದಿಂದ ಎದೆಯಲ್ಲಿ ಇಟ್ಟುಕೊಂಡಿದ್ದಳು.

ಅವಳ ಮಗನಿಗೂ ಕೈ ಬರಲಿಲ್ಲ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಅವನು. ಏಳನ್ನೂ ಹಿಡಿದು ನೋಡಿ, ಸರಾಸರಿ ತೆಗೆದರೆ ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದು ನಕ್ಕು ಎದ್ದುಹೋದ. ಹೀಗಾಗಿ ಉಳಿದವಳು ಸೊಸೆ. ಮದುವೆಗೆ ಮೊದಲು ಬ್ರೆಡ್ಡಿನ ಬೇಕರಿಯಲ್ಲಿ ಹಿಟ್ಟು ತುಂಡು ಮಾಡುತ್ತಿದ್ದವಳು, ದಿನಕ್ಕೆ ಎಂಟು ನೂರು ಉಂಡೆ, ಎಲ್ಲವೂ ಒಂದೇ ತೂಕ. ಎರಡು ವರ್ಷದಿಂದ ಅತ್ತೆಯ ಪಕ್ಕದಲ್ಲಿ ಕೂತು ಕೆಲಸ ಕಲಿತಿದ್ದಳು. ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳ ಪರೀಕ್ಷೆ.

ಸೊಸೆ ಕಣ್ಣು ಮುಚ್ಚಿ ಕೂತಳು. ತಕ್ಕಡಿಯಮ್ಮ ಒಂದೊಂದೇ ಬಟ್ಟನ್ನು ಅವಳ ಅಂಗೈಯಲ್ಲಿ ಇಡುತ್ತ ಹೋದಳು. ಗಂಡ, ನಿವೃತ್ತಿಯಾದ ಡ್ರೈವರು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಏಳೂ ಮುಗಿಯಿತು. ಸೊಸೆ ಇನ್ನೊಂದು ಸುತ್ತು ಕೇಳಿದಳು. ಆಮೇಲೆ ಮತ್ತೊಂದು. ಕಣ್ಣು ಬಿಟ್ಟಾಗ ಅವಳ ಮುಖ ಸಣ್ಣಗಾಗಿತ್ತು.

“ಅತ್ತೆ, ಇದರಲ್ಲಿ ಸುಳ್ಳು ಇಲ್ಲ.”

“ಇಲ್ಲ ಅಂದ್ರೆ?”

“ಏಳೂ ಒಂದೇ ಇವೆ. ನನಗೆ ಹಾಗೇ ಗೊತ್ತಾಗ್ತಿರೋದು.”

ತಕ್ಕಡಿಯಮ್ಮನಿಗೆ ಮೈಯೆಲ್ಲ ಉರಿಯಿತು. “ಏಳನೇದು ಸುಳ್ಳು ಅಂತ ಊರಿನ ನಾಯಿಗೂ ಗೊತ್ತು ಕಣೇ! ಯಾವುದು ಅಂತ ಹೇಳು ಅಂದ್ರೆ ಯಾವುದೂ ಇಲ್ಲ ಅಂತೀಯಲ್ಲ. ಎರಡು ವರ್ಷ ನಾನು ಬಾಯಿ ಬಡ್ಕೊಂಡಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.”

“ಹೋಗ್ಲಿ ಬಿಡೇ,” ಅಂದ ಗಂಡ. “ಕಾಗದದ ತಕ್ಕಡಿಗಳ ಪಕ್ಷಕ್ಕೆ ಇನ್ನೊಬ್ಬರು ಸೇರಿದ್ರು. ಇನ್ನು ಮೇಲೆ ಮನೇಲಿ ನಮ್ಮದೇ ಬಹುಮತ.”

ಸೊಸೆ ನಗಲಿಲ್ಲ. “ಮಾವ, ತಮಾಷೆ ಬೇಡ. ಅತ್ತೆ, ಒಂದು ಸಲ ತೂಗಿ ನೋಡಿ.”

ತೋರಿಸುತ್ತೇನೆ ಇರು ಎಂದು ತಕ್ಕಡಿಯಮ್ಮ ಗಾಜಿನ ಬಾಗಿಲು ಎತ್ತಿದಳು. ಎರಡು ತಟ್ಟೆಗೂ ಒಂದೊಂದು ಇಟ್ಟಳು. ಮುಳ್ಳು ತುಯ್ದಾಡಿ ನಡುವಿಗೆ ಬಂದು ನಿಂತಿತು. ಒಂದನ್ನು ತೆಗೆದು ಮೂರನೆಯದು ಇಟ್ಟಳು. ನಡುವೆ. ನಾಲ್ಕು, ನಡುವೆ. ಐದು, ನಡುವೆ. ಆರು, ನಡುವೆ. ಏಳನೆಯದನ್ನು ಇಟ್ಟಾಗಲೂ ಮುಳ್ಳು ಹೋಗಿ ನಡುವೆಯೇ ನಿಂತಿತು. ಜೀವಮಾನದಲ್ಲಿ ಮುಳ್ಳು ನಡುವೆ ನಿಂತದ್ದಕ್ಕೆ ಅವಳು ಹೆದರಿದ್ದು ಅದೇ ಮೊದಲು.

ಸೊಸೆ ಹೇಳಿದ್ದು ನಿಜ. ಪೆಟ್ಟಿಗೆಯಲ್ಲಿ ಇರುವ ಏಳೂ ನಿಜ. ಹಾಗಾದರೆ ಸುಳ್ಳು ಎಲ್ಲಿ?

ಎಲ್ಲಿ ಎಂದು ಅವಳ ಮನಸ್ಸಿಗೆ ಒಂದೇ ಗಳಿಗೆಯಲ್ಲಿ ಗೊತ್ತಾಯಿತು. ಎಂಟು ದಿನದ ಹಿಂದೆ ಪರೀಕ್ಷೆಗೆಂದು ಆ ಏಳನ್ನೂ ಉಜ್ಜಲು ತೆಗೆದಿದ್ದಳು. ಅದೇ ಬಟ್ಟೆಯ ಮೇಲೆ ಬೇರೆ ಎರಡು ಮನೆಯ ಬಟ್ಟುಗಳೂ ಇದ್ದವು. ಒಂದು ಅಕ್ಕಸಾಲಿಯದು, ಇನ್ನೊಂದು ಆಸ್ಪತ್ರೆಯಲ್ಲಿ ಔಷಧಿ ಪುಡಿ ಕಟ್ಟುವ ಕಂಪೌಂಡರದು. ಇಬ್ಬರಲ್ಲೂ ಇಪ್ಪತ್ತರ ಬಟ್ಟು ಎರಡೆರಡು. ಉಜ್ಜುವ ಮೊದಲು ತೂಗಿದ್ದಳು, ಎಲ್ಲ ಸರಿಯಿತ್ತು. ಉಜ್ಜಿ ಒಣಗಿಸಿದ ಮೇಲೆ ಕೈಯಲ್ಲಿ ಹಿಡಿದು ನೋಡಿಯೇ ಸುಳ್ಳನ್ನು ಬೇರೆ ಮಾಡಿ ಗುಳಿಯಲ್ಲಿ ಇಟ್ಟಳು. ಮೂವತ್ತೈದು ವರ್ಷದಿಂದ ಹಾಗೇ ಮಾಡಿಕೊಂಡು ಬಂದದ್ದು. ಗುರುತಿಲ್ಲದ ಸುಳ್ಳನ್ನು ಕೈಯನ್ನು ನಂಬಿ ಮನೆಯಲ್ಲಿ ಇಟ್ಟುಕೊಳ್ಳುವವರು ಲೋಕದಲ್ಲಿ ಬೇರೆ ಯಾರಾದರೂ ಇದ್ದಾರೆಯೇ? ಇವರಿಗೆ ಮಾತ್ರ ಬರಬಹುದಾದ ಕೇಡು ಇದು.

“ಅತ್ತೆ, ನಿಮ್ಮ ಕೈ…” ಎಂದು ಸೊಸೆ ಅರ್ಧಕ್ಕೆ ನಿಲ್ಲಿಸಿದಳು.

“ನನ್ನ ಕೈಗೇನಾಗಿದೆ? ಚಪ್ಪಲಿ ಹಾಕ್ಕೊ, ನಡಿ. ಚೀಲದಲ್ಲಿ ನಿಜವಾದ ಬಟ್ಟು ನಾಲ್ಕು ಹಾಕ್ಕೊ.”

ಮೊದಲು ಅಕ್ಕಸಾಲಿಯ ಅಂಗಡಿಗೆ ಹೋದರು. ಆಸ್ಪತ್ರೆಗೆ ಮೊದಲು ಹೋಗಬೇಕಿತ್ತು, ಅದು ಅವಳಿಗೂ ಗೊತ್ತಿತ್ತು. ಆದರೆ ಸುಳ್ಳು ಇಲ್ಲೇ ಸಿಗಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು. ಚಿನ್ನದಲ್ಲಿ ವ್ಯತ್ಯಾಸವಾದರೆ ಕ್ಷಮೆ ಕೇಳಿ ಸರಿ ಮಾಡಬಹುದು. ಔಷಧಿಯಲ್ಲಾದರೆ? ಅಷ್ಟು ದೂರಕ್ಕೆ ಯೋಚನೆ ಹೋಗುವ ಮೊದಲೇ ಅವಳು ಅದನ್ನು ಹಿಂದಕ್ಕೆ ಎಳೆಯುತ್ತಿದ್ದಳು.

ಅಕ್ಕಸಾಲಿ ಊದುಕೊಳವೆಯನ್ನು ಬಾಯಿಂದ ತೆಗೆದು ನೋಡಿದ. “ಏನು, ಅತ್ತೆ ಸೊಸೆ ಜೋಡೀಲಿ? ಊರಿನಲ್ಲಿ ಏನಾದ್ರೂ ಅನಾಹುತ ಆಯ್ತಾ?”

“ಏನಿಲ್ಲಪ್ಪ. ಸುಮ್ನೆ ಈ ಕಡೆ ಬಂದಿದ್ವಿ. ಇಪ್ಪತ್ತರ ಬಟ್ಟು ಎರಡು ಕೊಡು, ಇನ್ನೊಂದು ಸಲ ನೋಡಿಬಿಡ್ತೀನಿ.”

“ನಿಮ್ಮ ಚೀಟಿ ಇದ್ದ ಮೇಲೆ ಇನ್ನೊಂದು ಸಲ ಏನಮ್ಮ ನೋಡೋದು? ನೀವು ನೋಡಿದ್ದನ್ನ ನೀವೇ ನಂಬಲ್ವಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ಅವಳ ಅವಸ್ಥೆ. ಏನೋ ಧೂಳು ಕೂತಿರಬಹುದು ಎಂದು ಗೊಣಗಿ, ಎರಡನ್ನೂ ಅವನ ತಕ್ಕಡಿಗೆ ಏರಿಸಿದಳು. ಮುಳ್ಳು ನಡುವೆ. ಚೀಲದಲ್ಲಿದ್ದ ಬಟ್ಟುಗಳ ಜೊತೆ ಇಟ್ಟಳು. ಆಗಲೂ ನಡುವೆ. “ನೋಡಿದ್ರಾ? ಸೂರ್ಯ ತಪ್ಪಿದ್ರೂ ತಕ್ಕಡಿಯವರು ತಪ್ಪಲ್ಲ,” ಎಂದು ಅಕ್ಕಸಾಲಿ ಹಲ್ಲು ಬಿಟ್ಟ. ಅಲ್ಲಿಂದ ಇಳಿದು ಬೀದಿಗೆ ಬಂದಾಗ ಸೊಸೆ ಅತ್ತೆಯ ತೋಳು ಹಿಡಿದುಕೊಂಡಳು.

“ಅತ್ತೆ, ನಿಮ್ಮ ಬೆರಳಿಗೆ ಜೋಮು ಅಲ್ವಾ? ಹೋದ ತಿಂಗಳು ಬಿಸಿ ಪಾತ್ರೆ ಹಿಡ್ಕೊಂಡೇ ನಿಂತಿದ್ರಿ. ಆವಾಗ್ಲೇ ಅನ್ನಿಸ್ತು.”

“ಅನ್ನಿಸಿದ್ರೆ ಹೇಳೋಕೆ ಏನಾಗಿತ್ತು ನಿನಗೆ?”

“ನೀವು ಬೈತೀರ ಅಂತ.”

ಬೈಯುತ್ತಿದ್ದಳು, ಅನುಮಾನವೇ ಇಲ್ಲ.

ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ಉದ್ದನೆಯ ಕಾರಿಡಾರು, ಅದರ ತುದಿಯಲ್ಲಿ ಕಂಪೌಂಡರ ಕೋಣೆ. ಎರಡು ವಾರದ ಹಿಂದೆ ಅವನ ಕರೆಂಟಿನ ತಕ್ಕಡಿ ಕೆಟ್ಟು ರಿಪೇರಿಗೆ ಹೋಗಿತ್ತು. ಅಟ್ಟದಲ್ಲಿದ್ದ ಹಳೆಯ ತಕ್ಕಡಿಯನ್ನು ಇಳಿಸಿ, ಬಟ್ಟುಗಳನ್ನು ಇವಳಲ್ಲಿ ಉಜ್ಜಿಸಿಕೊಂಡು ಕೆಲಸ ನಡೆಸಿದ್ದ. ದಪ್ಪ ಕನ್ನಡಕದ, ಮೆತ್ತಗಿನ ಮಾತಿನ ಮನುಷ್ಯ. ತಕ್ಕಡಿಯಮ್ಮ ಈ ಸಲ ಧೂಳು ಗೀಳು ಅನ್ನಲಿಲ್ಲ. ಬಾಗಿಲಲ್ಲೇ ನಿಂತು, “ನಿಮ್ಮ ಇಪ್ಪತ್ತರ ಬಟ್ಟಿನಲ್ಲಿ ಒಂದು ತಪ್ಪಿರಬಹುದು. ಬೇಗ ತೆಗೀರಿ,” ಅಂದಳು.

ತಟ್ಟೆಗೊಂದು ಇಟ್ಟರು. ಎಡದ ತಟ್ಟೆ ಕೆಳಗಿಳಿಯಿತು, ಬಲದ್ದು ಮೇಲೆದ್ದು ಅಲ್ಲೇ ನಿಂತಿತು. ಐದು ತಲೆಮಾರಿನಿಂದ ಹೊಸ್ತಿಲು ದಾಟದಿದ್ದದ್ದು ಅಲ್ಲಿ ಹೊಳೆಯುತ್ತ ಕೂತಿತ್ತು.

ಕಂಪೌಂಡರ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. “ಅಯ್ಯೋ ದೇವರೇ.”

“ಇಪ್ಪತ್ತರದ್ದು ಏನು ತೂಗಿದ್ರಿ? ಎಷ್ಟು ಸಲ?”

ಪುಸ್ತಕ ತೆಗೆದು ಬೆರಳಿಟ್ಟು ನೋಡಿದ. ಒಂದೇ ಸಲ. ನಾಲ್ಕು ದಿನದ ಹಿಂದೆ, ಫಿಟ್ಸ್ ಬರುವ ಒಂದು ಹುಡುಗಿಯ ಪುಡಿ. ಏಳು ವರ್ಷದ ಮಗು. ಒಂದು ವರ್ಷದಿಂದ ಫಿಟ್ಸ್ ಬಂದಿರಲಿಲ್ಲ. ಪ್ರಮಾಣ ಒಂಚೂರೂ ಹೆಚ್ಚುಕಡಿಮೆ ಆಗಬಾರದೆಂದು ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದರು. ಇಪ್ಪತ್ತು ಗ್ರಾಂ ಔಷಧಿ ತೂಗಿ, ಅದಕ್ಕೆ ಬೇರೆ ಪುಡಿ ಬೆರೆಸಿ, ಪೊಟ್ಟಣ ಕಟ್ಟಿ ಕೊಟ್ಟಿದ್ದ.

“ಯಾವ ಬಟ್ಟು ಎತ್ಕೊಂಡ್ರಿ? ಇದೋ ಅದೋ?”

“ಎರಡೂ ಒಂದೇ ಥರ ಇವೆ, ಯಾವುದು ಅಂತ ಹೇಗೆ ಹೇಳಲಿ ತಕ್ಕಡಿಯಮ್ಮ? ಕೈಗೆ ಸಿಕ್ಕಿದ್ದನ್ನ ಎತ್ಕೊಂಡೆ.”

ಸೊಸೆ ಕೇಳಿದಳು: “ಔಷಧಿ ತೆಗೆದ ಡಬ್ಬಿ ಇದೆಯಾ? ಹೊಸದಾಗಿ ಒಡೆದಿದ್ದಾ?”

ಇತ್ತು. ನೂರು ಗ್ರಾಮಿನ ಡಬ್ಬಿ, ಅವತ್ತೇ ಒಡೆದದ್ದು, ಆಮೇಲೆ ಮುಟ್ಟಿರಲಿಲ್ಲ. ಒಳಗೆ ಉಳಿದಿರುವುದು ಎಂಬತ್ತಿದ್ದರೆ ಮಗುವಿಗೆ ಹೋದದ್ದು ಸರಿ. ಸೊಸೆ ಚೀಲದಿಂದ ನಾಲ್ಕು ನಿಜವಾದ ಬಟ್ಟುಗಳನ್ನು ತೆಗೆದು ತಟ್ಟೆಗೆ ಹಾಕಿದಳು. ಕಂಪೌಂಡರ್ ಔಷಧಿಯನ್ನು ಆ ಕಡೆಯ ತಟ್ಟೆಗೆ ಸುರಿದ. ತಕ್ಕಡಿಯಮ್ಮ ಕಣ್ಣು ಮುಚ್ಚಿಕೊಂಡಳು. ಸಮ ಇರಲಿ, ಸಮ ಇರಲಿ, ಇದೊಂದು ಸಲ ಸಮ ಇರಲಿ ಎಂದು ಒಳಗೊಳಗೇ ಬೇಡಿಕೊಂಡಳು. ಕಣ್ಣು ಬಿಟ್ಟಾಗ ಔಷಧಿಯ ತಟ್ಟೆ ಕೆಳಗಿತ್ತು. ಬಟ್ಟಿನ ಕಡೆಗೆ ಎರಡು ಗ್ರಾಂ ಸೇರಿಸಿದ ಮೇಲೆ ಮುಳ್ಳು ನಡುವಿಗೆ ಬಂತು.

“ಕಡಿಮೆ ಹೋಗಿದೆ,” ಅಂದ ಕಂಪೌಂಡರ್. “ಹತ್ತರಲ್ಲಿ ಒಂದು ಪಾಲು ಕಡಿಮೆ. ನಾಲ್ಕು ದಿನ.”

“ಅದರಿಂದ ಫಿಟ್ಸ್ ಬರುತ್ತಾ?”

“ಬರ್ಬಹುದು, ಬರದೇನೂ ಇರ್ಬಹುದು.” ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. ಬೇರೆ ಹೇಗೆ ತಾನೇ ಹೇಳಿಯಾನು? ಆಗಲೇ ಫೋನು ತಿರುಗಿಸಿದ್ದ, ಮಗುವಿನ ತಾಯಿ ಎತ್ತಲಿಲ್ಲ. ಅಲ್ಲೇ ಕೂತು ಹೊಸದಾಗಿ ತೂಗಿ, ಬೆರೆಸಿ, ಪೊಟ್ಟಣ ಕಟ್ಟಿದ. ಆ ಒಂದು ಗಂಟೆ ತಕ್ಕಡಿಯಮ್ಮ ಹೆಬ್ಬೆರಳನ್ನು ಬೆರಳುಗಳಿಗೆ ಉಜ್ಜುತ್ತಲೇ ಇದ್ದಳು. ಇವತ್ತು ವಾಸಿ ಎಂದು ಅನ್ನಿಸಲಿಲ್ಲ.

ಪೊಟ್ಟಣಗಳನ್ನು ಕೊಡುವಾಗ ಅವನು ದನಿ ತಗ್ಗಿಸಿದ. “ನೋಡಿ, ತಪ್ಪು ನನ್ನದೂ ಇದೆ. ನಾನು ತೂಗಿ ನೋಡ್ಬೇಕಿತ್ತು, ಚೀಟಿ ನೋಡಿ ಬಿಟ್ಬಿಟ್ಟೆ. ಡಾಕ್ಟರಿಗೆ ನಾನು ಹೇಳ್ತೀನಿ, ಅದನ್ನ ಮುಚ್ಚೋಕಾಗಲ್ಲ. ಆದ್ರೆ ಆ ತಾಯಿಗೆ ಯಾಕೆ ಇದೆಲ್ಲ? ಹಳೇ ಪುಡಿ ತೇವ ಹಿಡಿದಿರ್ಬಹುದು, ಇದನ್ನ ಕೊಡಿ ಅಂತ ಬದಲಾಯಿಸಿಕೊಂಡು ಬನ್ನಿ. ಸುಮ್ನೆ ಹೆದರ್ತಾರೆ. ನಿಮ್ಮ ಹೆಸರೂ ಉಳಿಯುತ್ತೆ.”

ನಿಮ್ಮ ಹೆಸರೂ ಉಳಿಯುತ್ತೆ ಎಂಬ ಮಾತು ಕೇಳಿ ತಕ್ಕಡಿಯಮ್ಮನಿಗೆ ಹಾಯೆನಿಸಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿ ಹಾಯೆನಿಸಿತು. ಬೆಳಗಿನಿಂದ ಮೊದಲ ಸಲ ನೆಟ್ಟಗೆ ಉಸಿರಾಡಿದಳು. ಸೊಸೆಯ ಮುಖ ನೋಡಲಿಲ್ಲ.

ತಾಯಿ ಇಸ್ತ್ರಿ ಅಂಗಡಿ ಇಟ್ಟುಕೊಂಡವಳು. ಆಸ್ಪತ್ರೆಯಿಂದ ಎರಡು ಬೀದಿ ಆಚೆ, ಮೆಟ್ಟಿಲ ಕೆಳಗಿನ ಒಂದು ಕೋಣೆ. ನಡೆಯುವಾಗ ತಕ್ಕಡಿಯಮ್ಮ ತೇವ ಹಿಡಿದಿರಬಹುದು, ತೇವ ಹಿಡಿದಿರಬಹುದು ಎಂದು ಮನಸ್ಸಿನಲ್ಲೇ ಬಾಯಿಪಾಠ ಮಾಡಿದಳು. ಅಂಗಡಿಯಲ್ಲಿ ಎರಡೂ ಕಡೆ ಅಂಗಿಗಳು ತೂಗುಬಿದ್ದಿದ್ದವು. ಮೇಜಿನ ಆಚೆ ನಿಂತಿದ್ದ ಹೆಂಗಸಿನ ಕಣ್ಣು ಊದಿಕೊಂಡಿತ್ತು. ಹಿಂದೆ ಮಡಿಸಿದ ಬೆಡ್‌ಶೀಟುಗಳ ಮೇಲೆ ಒಂದು ಹುಡುಗಿ ಮಲಗಿತ್ತು, ಎಚ್ಚರವಾಗಿಯೇ. ಹಣೆಯ ಮೇಲೆ ಹೊಸದಾಗಿ ಬ್ಯಾಂಡೇಜು.

ತಕ್ಕಡಿಯಮ್ಮ ಮೇಜಿನ ಹತ್ತಿರಕ್ಕೆ ಬಂದಳು. “ಮಗುವಿಗೆ ಏನಾಯ್ತು?”

“ನಿನ್ನೆ ಸಂಜೆ ಫಿಟ್ಸ್ ಬಂತು,” ಅಂದಳು ಇಸ್ತ್ರಿಯವಳು. ಯಾರು, ಏನು ಎಂದೂ ಕೇಳಲಿಲ್ಲ, ಯಾರಾದರೂ ಕೇಳಲಿ ಎಂದೇ ಕಾದಿದ್ದವಳಂತೆ ಹೇಳುತ್ತ ಹೋದಳು. “ವರ್ಷ ಆಗಿತ್ತು ಬಂದು. ಮೆಟ್ಟಿಲ ಮೇಲೆ ಬಿದ್ಲು. ರಾತ್ರಿಯೆಲ್ಲ ದೊಡ್ಡಾಸ್ಪತ್ರೇಲಿ ಇಟ್ಕೊಂಡು ಬೆಳಿಗ್ಗೆ ಕಳ್ಸಿದ್ರು. ನಂದೇ ತಪ್ಪು. ನಿನ್ನೆ ಬಟ್ಟೆ ರಾಶಿ ಬಿದ್ದಿತ್ತು, ಬೆಳಿಗ್ಗೆ ಪುಡಿ ಕೊಡೋದು ಒಂದು ಗಂಟೆ ತಡ ಆಯ್ತು. ಒಂದೇ ಒಂದು ಗಂಟೆ. ನಮ್ಮನೆಯವರು ನೀನು ತಾಯಿನಾ ಅಂತ ಕೇಳಿದ್ರು. ನಮ್ಮತ್ತೆ ಮಗೂನ ನನ್ನ ಹತ್ರ ಬಿಡಲ್ಲ, ನಾಳೆ ಊರಿಗೆ ಕರ್ಕೊಂಡು ಹೋಗ್ತೀನಿ ಅಂತಿದ್ದಾರೆ. ಏನಂತ ಹೇಳಲಿ? ನನ್ನಿಂದಾನೇ ಅಲ್ವಾ?”

ಇಸ್ತ್ರಿಪೆಟ್ಟಿಗೆಯಿಂದ ಹಬೆ ಏಳುತ್ತಿತ್ತು. ಅವಳು ಅಳುತ್ತಲೇ ಅಂಗಿಯ ತೋಳು ಮಡಚುತ್ತಿದ್ದಳು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ತೇವ ಹಿಡಿದಿರಬಹುದು ಎಂಬ ಮಾತು ತಕ್ಕಡಿಯಮ್ಮನ ನಾಲಗೆಯ ತುದಿಯಲ್ಲಿತ್ತು. ಹೇಳಿ ಪೊಟ್ಟಣ ಕೊಟ್ಟು ಹೊರಟರೆ ಮುಗಿಯಿತು. ಈ ಹೆಂಗಸು ಬದುಕಿರುವವರೆಗೂ ಆ ಒಂದು ಗಂಟೆಯನ್ನು ಹೊತ್ತುಕೊಂಡು ತಿರುಗುತ್ತಾಳೆ, ಮನೆತನದ ಹೆಸರು ಮಾತ್ರ ಹೊಳೆಯುತ್ತ ಉಳಿಯುತ್ತದೆ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೂಲದವನು ಸುಳ್ಳು ಬಟ್ಟು ಒಂದೇ ಮಾಡಿದ್ದ, ತಾನು ಇಡೀ ಹೆಸರನ್ನೇ ಅದರ ಹಾಗೆ ಟೊಳ್ಳು ಮಾಡಲು ಹೊರಟಿದ್ದೇನೆ ಅನ್ನಿಸಿತು.

“ನಿನ್ನ ತಪ್ಪಲ್ಲಮ್ಮ,” ಅಂದಳು. ಪೊಟ್ಟಣಗಳನ್ನು ಮೇಜಿನ ಮೇಲಿಟ್ಟು ಮತ್ತೆ ಅಂದಳು. “ನಿನ್ನದಲ್ಲ. ನಾನು ತಕ್ಕಡಿಯವಳು. ಆಸ್ಪತ್ರೆಗೆ ನಾನು ಕಳಿಸಿದ ಬಟ್ಟು ಸುಳ್ಳಾಗಿತ್ತು. ನಾಲ್ಕು ದಿನದಿಂದ ಮಗುವಿಗೆ ಹೋಗಿದ್ದು ಕಡಿಮೆ ಔಷಧಿ. ನನ್ನ ಬೆರಳು ಸತ್ತುಹೋಗಿವೆ, ನನಗೆ ತೂಕ ಗೊತ್ತಾಗಲ್ಲ. ಗೊತ್ತಾಗುತ್ತೆ ಅಂತ ಜಂಬ ಮಾಡ್ಕೊಂಡು ಕೂತಿದ್ದೆ. ಇದು ಸರಿಯಾದ ಪುಡಿ, ಈಗ ತಾನೇ ಕಟ್ಟಿಸಿದ್ದು. ಹಳೇದು ಕೊಡು.”

ಇಸ್ತ್ರಿಯವಳ ಕೈ ನಿಂತಿತು. ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಬೈಯುತ್ತಾಳೆ, ಹೊಡೆದರೂ ಹೊಡೆಯುತ್ತಾಳೆ ಎಂದು ತಕ್ಕಡಿಯಮ್ಮ ತಲೆ ಬಗ್ಗಿಸಿ ನಿಂತಳು. ಆದರೆ ಅವಳು ಕೇಳಿದ್ದು ಇಷ್ಟೇ.

“ನಾನಲ್ವಾ ಹಾಗಾದ್ರೆ?”

“ನೀನಲ್ಲ.”

“ಒಂದು ಗಂಟೆ ತಡ ಮಾಡಿದ್ದಕ್ಕಲ್ವಾ?”

“ಒಂದು ಗಂಟೆಗೆ ಹಾಗಾಗಲ್ಲ ಅಂತ ಕಂಪೌಂಡರನ್ನೇ ಕೇಳು, ಡಾಕ್ಟರನ್ನೇ ಕೇಳು. ಹತ್ತರಲ್ಲಿ ಒಂದು ಪಾಲು ಔಷಧಿ ನಾನು ತಿಂದಿದ್ದೀನಿ.”

ಆಗ ಬಂತು ನೋಡಿ. ಮಗುವಿನ ಹಣೆ ತೋರಿಸಿ, ಕಣ್ಣು ಹೋಗಿದ್ದರೆ ಏನು ಮಾಡುತ್ತಿದ್ದಿರಿ, ವಯಸ್ಸಾದ ಮೇಲೆ ಮನೆಯಲ್ಲಿ ಕೂರಲು ಏನಾಗಿತ್ತು, ನಿಮ್ಮ ಹೆಸರಿಗೆ ಬೆಂಕಿ ಹಾಕ ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ಅನ್ನಬೇಕಾದದ್ದೇ. ಬೈದು ಬೈದು ಸುಸ್ತಾಗಿ, ಸೆರಗಿನಿಂದ ಮುಖ ಒರೆಸಿಕೊಂಡು, ಕೊನೆಗೆ ಆ ತಾಯಿ ಅಂದಳು: “ಬರೆದುಕೊಡಿ. ಬಾಯಲ್ಲಿ ಹೇಳಿದ್ರೆ ನಮ್ಮನೇಲಿ ಯಾರೂ ನಂಬಲ್ಲ. ನಾಳೆ ನಮ್ಮತ್ತೆ ಬರೋದ್ರೊಳಗೆ ನನ್ನ ಕೈಯಲ್ಲಿ ಕಾಗದ ಇರ್ಬೇಕು.”

ತಕ್ಕಡಿಯಮ್ಮ ಚೀಲಕ್ಕೆ ಕೈ ಹಾಕಿದಳು. ಅಲ್ಲಿದ್ದ ಕಾಗದ ಒಂದೇ, ಆ ಚೀಟಿಯ ಕಟ್ಟು. ಒಂದನ್ನು ಹರಿದು ಇಸ್ತ್ರಿಯ ಮೇಜಿನ ಮೇಲಿಟ್ಟು ಪೆನ್ಸಿಲು ಹಿಡಿದಳು. ಪೆನ್ಸಿಲು ಬೆರಳ ಸಂದಿಯಿಂದ ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಜಾರಿತು. ಮುಚ್ಚಿಡಲು ಇನ್ನೇನು ಉಳಿದಿತ್ತು? ಸೊಸೆಯ ಕಡೆ ತಿರುಗಿ, “ನನ್ನಿಂದಾಗಲ್ಲ ಕಣೇ. ನೀನು ಬರಿ,” ಅಂದಳು.

ಸೊಸೆ ಬರೆದಳು. ತೂಕದ ತಪ್ಪು ನಮ್ಮದು, ಮಗುವಿನ ತಾಯಿಯ ತಪ್ಪು ಏನೂ ಇಲ್ಲ ಎಂದು, ದುಂಡಗಿನ ಅಕ್ಷರದಲ್ಲಿ, ತಾರೀಖು ಹಾಕಿ. ಕೆಳಗೆ ಬರುವಾಗ ಪೆನ್ಸಿಲು ನಿಂತಿತು.

“ಅತ್ತೆ, ಇಲ್ಲಿ ನಿಮ್ಮ ಹೆಸರು…”

“ಏಳೂ ಒಂದೇ ಇವೆ ಅಂತ ಹೇಳಿದವಳು ನೀನು. ನಾನು ಬೈದರೂ ಮಾತು ಬದಲಾಯಿಸಲಿಲ್ಲ. ನಿನ್ನ ಹೆಸರು ಹಾಕು.”

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಮಾಡದ ತಪ್ಪಿನ ಕೆಳಗೆ ಮೊದಲ ಸಲ ಹೆಸರು ಬರೆಯುವುದೆಂದರೆ ಯಾರಿಗೆ ತಾನೇ ಇಷ್ಟ? ಆದರೂ ಬಗ್ಗಿ, ನಿಧಾನವಾಗಿ, ‘ತಕ್ಕಡಿ’ ಎಂದು ಬರೆದಳು.

ಇಸ್ತ್ರಿಯವಳು ಚೀಟಿಯನ್ನು ಎರಡು ಸಲ ಓದಿದಳು. ಮಡಚಲಿಲ್ಲ. ಗೋಡೆಯ ಮೊಳೆಗೆ, ಗಂಡ ಬಂದರೆ ಮೊದಲು ಕಣ್ಣಿಗೆ ಬೀಳುವ ಕಡೆ ಚುಚ್ಚಿ ಇಟ್ಟಳು. ಹಿಂದೆ ಮಲಗಿದ್ದ ಮಗು ಅಮ್ಮಾ ಎಂದು ಕರೆಯಿತು, ಅವಳು ಓಡಿಹೋಗಿ ಅದನ್ನು ಎತ್ತಿಕೊಂಡಳು.

ತಕ್ಕಡಿಯಮ್ಮ ಗೋಡೆಯ ಮೇಲಿನ ಚೀಟಿಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು.

“ಹೂಂ,” ಅಂದಳು.